ಕಾದಂಬರಿಯ ವಾಕ್ಯ

ಉದ್ದ ವಾಕ್ಯವೆಂದರೆ ದೋಷ, ಗಿಡ್ಡ ವಾಕ್ಯವೆಂದರೆ ಗುಣ ಎಂಬ ನಂಬಿಕೆ ನಮ್ಮ ತರಗತಿಗಳಲ್ಲಿ ಬೇರೂರಿದೆ. ಬೇರೂರಿಸಿದವರಲ್ಲಿ ನಾನೂ ಒಬ್ಬ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯ ಒಂದು ನೀಳವಾಕ್ಯವನ್ನು ಹಲಗೆಯ ಮೇಲೆ ಬರೆದು, ಅದನ್ನು ಐದಾರು ತುಂಡು ಮಾಡಿರೆಂದು ಒಮ್ಮೆ ವಿದ್ಯಾರ್ಥಿಗಳಿಗೆ ಹೇಳಿದ್ದೆ. ಮಾಡಿದರು. ವ್ಯಾಕರಣಕ್ಕೆ ಕುಂದೇನೂ ಬರಲಿಲ್ಲ; ಕಾಡು ಮಾತ್ರ ಕಾಣೆಯಾಗಿತ್ತು.

ಕನ್ನಡ ವಾಕ್ಯದ ಜೀವ ಅದರ ಕೊನೆಯಲ್ಲಿದೆ. ಕ್ರಿಯಾಪದ ಬರುವ ತನಕ ಮಾತು ಮುಗಿಯದು. ಅಲ್ಲಿಯವರೆಗೆ 'ಬಂದು', 'ಕೂತು', 'ನೋಡುತ್ತ' ಎಂದು ಎಷ್ಟು ಬೇಕಾದರೂ ಪೋಣಿಸಬಹುದು. "ಬಂದು, ಜಗಲಿಯಲ್ಲಿ ಕೂತು, ನೀರು ಕುಡಿದು, ಎದ್ದು ಹೋದ" ಎಂದರೆ ಆತ ಬಿಡುವುಳ್ಳ ನೆಂಟ. "ಬಂದ. ಜಗಲಿಯಲ್ಲಿ ಕೂತ. ನೀರು ಕುಡಿದ. ಎದ್ದು ಹೋದ" ಎನ್ನಿ, ಅದೇ ನೆಂಟನ ಮನಸ್ಸಿನಲ್ಲಿ ಏನೋ ಕುದಿಯುತ್ತಿದೆ. ಒಂದು ವಿಶೇಷಣವನ್ನೂ ಸೇರಿಸದೆ ಮನುಷ್ಯ ಬದಲಾದ!

ಈ ಪೋಣಿಸುವ ವಿದ್ಯೆ ಹಳೆಯದು. 1823ರಲ್ಲಿ ಕೆಂಪುನಾರಾಯಣ ಬರೆದ 'ಮುದ್ರಾಮಂಜೂಷ'ದಲ್ಲಿ ಅದು ಧಾರಾಳವಾಗಿದೆ. (ಓಲೆಗರಿಯ ಲಿಪಿಕಾರನಿಗೆ ಇಂದಿನ ಅಲ್ಪವಿರಾಮದ ಹಂಗಿರಲಿಲ್ಲ, ಅದು ಅಚ್ಚಿನೊಡನೆ ಬಂದದ್ದು.) ಚಾಣಕ್ಯನ ತಂತ್ರಕ್ಕೆ ಆ ಸುತ್ತುಬಳಸು ಒಪ್ಪುತ್ತದೆ, ನಿಜ. ಆದರೆ ಅಲ್ಲಿ ಪಾತ್ರಗಳಿಗಿಂತ ಗ್ರಂಥಕರ್ತನ ದನಿಯೇ ದೊಡ್ಡದು. ಮನೆಯ ಮಾತಿನ ಲಯಕ್ಕೆ ಎಂ. ಎಸ್. ಪುಟ್ಟಣ್ಣನವರಂಥವರು ಬರಬೇಕಾಯಿತು, ಅವರ 1915ರ 'ಮಾಡಿದ್ದುಣ್ಣೋ ಮಹಾರಾಯ'ದ ಹೆಸರೇ ಜನರ ಬಾಯಿಂದ ಎತ್ತಿಕೊಂಡದ್ದು.

ಶಿವರಾಮ ಕಾರಂತರ 'ಚೋಮನ ದುಡಿ' (1933) ಬೇರೆ ದಾರಿ ಹಿಡಿಯಿತು. ಬೇಸಾಯಕ್ಕೆ ತುಂಡು ಭೂಮಿ ದೊರೆಯದ ಚೋಮನ ಕಥೆಯನ್ನು ಹೇಳುವ ವಾಕ್ಯಗಳು ಅವನ ಪರವಾಗಿ ಅಳುವುದಿಲ್ಲ. ಸಾದಾ ಮಾತು, ಮುಗಿಯಿತು. ಅಳು ಓದುಗನ ಪಾಲಿಗೆ ಉಳಿಯುತ್ತದೆ. ಕುವೆಂಪು ಅವರಲ್ಲಾದರೋ ಗುತ್ತಿಯೂ ಅವನ ನಾಯಿ ಹುಲಿಯನೂ ನಡೆಯುವಾಗ ದಾರಿ, ಮರ, ಮಳೆ ಎಲ್ಲವೂ ವಾಕ್ಯದೊಳಗೆ ನುಗ್ಗುತ್ತವೆ. ಕ್ರಿಯಾಪದಕ್ಕಾಗಿ ಕಾಯುವ ಓದುಗನೂ ಆ ಕಾಡಿನಲ್ಲಿ ನಡೆದೇ ತೀರಬೇಕು. ತುಂಡು ಮಾಡಿಸಿದ ನಾನು ಅವನಿಗೆ ಮೋಟಾರು ರಸ್ತೆ ಹಾಕಿಕೊಟ್ಟಿದ್ದೆ.

ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ'ದಲ್ಲಿ (1965) ಕಾಡು ಹೊರಗಿಲ್ಲ, ಪ್ರಾಣೇಶಾಚಾರ್ಯರ ತಲೆಯಲ್ಲಿದೆ. ಊರು ಬಿಟ್ಟ ಆಚಾರ್ಯರ ಮನಸ್ಸು ಪ್ರಶ್ನೆಯಿಂದ ಪ್ರಶ್ನೆಗೆ ಸುತ್ತುತ್ತಿರುವಾಗ ಮಾಲೇರರ ಪುಟ್ಟ ಜೊತೆಗೂಡುತ್ತಾನೆ. ಅವನ ಹರಟೆಗೆ ಸುತ್ತುಬಳಸಿಲ್ಲ. ಆಚಾರ್ಯರ ಚಿಂತೆ ಇನ್ನೇನು ಒಂದು ನಿಲುಗಡೆಗೆ ಬಂತು ಎನ್ನುವಷ್ಟರಲ್ಲಿ ಅವನು ಮತ್ತೇನನ್ನೋ ಕೇಳುತ್ತಾನೆ.