ಟಿವಿ ಬೇಡ, ನೆಟ್ ಅಷ್ಟೇ ಸಾಕು

2020ರ ಲಾಕ್‌ಡೌನ್ ಟೈಮಲ್ಲಿ ಲ್ಯಾಪ್‌ಟಾಪ್ ಹೊತ್ಕೊಂಡು ತುರುವೇಕೆರೆ ಹತ್ತಿರದ ನಮ್ಮ ತೋಟದ ಮನೆ ಸೇರಿದೆ. ಮೀಟಿಂಗಿಗೆ ಸಿಗ್ನಲ್ ಬೇಕಂದ್ರೆ ಕೊಬ್ಬರಿ ಅಟ್ಟ ಹತ್ತಬೇಕು. ಬೇಸತ್ತು ಊರಿನ ಕೇಬಲ್‌ನವನಿಗೆ ಫೋನ್ ಮಾಡಿದೆ.

“ಫೈಬರ್ ಎಳೀತೀವಿ ಸಾರ್, ಆದ್ರೆ ಟಿವಿ ಕನೆಕ್ಷನ್ನೂ ತಗೋಬೇಕು” ಅಂದ.

“ಮನೇಲಿ ಡಿಶ್ ಇದೆಯಲ್ಲಪ್ಪಾ!”

“ಎರಡೂ ಒಂದೇ ವೈರಲ್ಲಿ ಬರೋದು ಸಾರ್.”

ಅಲ್ಲಾ, ಇವೆರಡಕ್ಕೂ ಗಂಟು ಬಿದ್ದಿದ್ದು ಯಾವಾಗ?

ನಮ್ಮ ದೇಶದಲ್ಲಿ ಇಂಟರ್‌ನೆಟ್ ಮನೆಯೊಳಗೆ ಬಂದಿದ್ದು ಟೆಲಿಫೋನ್ ತಂತಿ ಹಿಡಿದು. ಹಳ್ಳಿಗೆ ಆ ತಂತಿ ಬಂದ ಕಥೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ. ಸಿ-ಡಾಟ್ ರೂಪಿಸಿದ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಶುರುವಾಗಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಏಸಿ ರೂಮು ಬೇಡ, ಬಿಸಿಲು ಧೂಳಿಗೆ ಜಗ್ಗದ ಯಂತ್ರ. 1995ರ ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆಯಿತು. 2005ರಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಬ್ರಾಡ್‌ಬ್ಯಾಂಡ್ ಬಂತು.

ಆಗಲೂ ಒಂದು ಷರತ್ತಿತ್ತು: ಮನೆಗೆ ಲ್ಯಾಂಡ್‌ಲೈನ್ ಬೇಕು. ಅದರಲ್ಲಿ ನ್ಯಾಯವೂ ಇತ್ತು. ಮಾತು, ಡೇಟಾ ಎರಡೂ ಒಂದೇ ಜೋಡಿ ತಾಮ್ರದ ತಂತಿಯಲ್ಲಿ ಬೇರೆಬೇರೆ ತರಂಗವಾಗಿ ಹರಿಯುತ್ತಿದ್ದವು. ಆದರೆ ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ದಾಟಿದರೆ ಡೇಟಾ ಸುಸ್ತಾಗುತ್ತಿತ್ತು. ಹಾಗಾಗಿ ತಿಪಟೂರು ಪೇಟೆಯ ಮಂಡಿಗೆ ಎಟುಕುವ ಬ್ರಾಡ್‌ಬ್ಯಾಂಡ್, ಕೊಬ್ಬರಿ ಬೆಳೆದು ಆ ಮಂಡಿಗೆ ಕಳಿಸುವ ತೋಟದ ಮನೆಗೆ ಎಟುಕುತ್ತಿರಲಿಲ್ಲ.

ಟಿವಿ ಕೇಬಲ್ ಕಥೆಯೇ ಬೇರೆ. ಅಮೆರಿಕದಲ್ಲಿ 1997ರಲ್ಲೇ ಡಾಕ್ಸಿಸ್ ಅನ್ನೋ ಮಾನದಂಡ ಬಂದು, ಟಿವಿ ಕೇಬಲ್ಲೇ ಇಂಟರ್‌ನೆಟ್ ಹೊತ್ತುಕೊಂಡು ಮನೆಮನೆಗೆ ಹೋಯಿತು. ನಮ್ಮೂರಿನ ಕೇಬಲ್ ಒನ್ ವೇ ರಸ್ತೆ. ಚಾನೆಲ್ ಬರುತ್ತಿತ್ತು, ನಮ್ಮಿಂದ ಏನೂ ವಾಪಸ್ ಹೋಗುತ್ತಿರಲಿಲ್ಲ. ಇವೆರಡೂ ಒಂದೇ ಅಂಗಡಿ ಸೇರಿದ್ದು ಫೈಬರ್ ಬಂದ ಮೇಲೆ. ಯಾರ ಮನೆ ಎಲ್ಲಿ, ಯಾವ ಮರಕ್ಕೆ ವೈರ್ ಕಟ್ಟಿದರೆ ನಿಲ್ಲುತ್ತೆ ಅನ್ನೋದು ಕೇಬಲ್‌ನವನಿಗೆ ಬಾಯಿಪಾಠ. ಬಿಎಸ್‌ಎನ್‌ಎಲ್ ಕೂಡ ಎಷ್ಟೋ ಕಡೆ ಇಂಥವರ ಮೂಲಕವೇ ಫೈಬರ್ ಕೊಡುತ್ತೆ.

ಹಾಗಂತ ಗಂಟು ನಿಜವಾ? ಅಲ್ಲ. ಗಾಜಿನ ಎಳೆಯಲ್ಲಿ ಹರಿಯೋದು ಬೆಳಕು. ಸಾಮಾನ್ಯವಾಗಿ ಬಳಸುವ ಜಿಪಾನ್ ಪದ್ಧತಿಯಲ್ಲಿ ಡೇಟಾ ಬರೋದು 1490 ನ್ಯಾನೋಮೀಟರ್ ಬೆಳಕಲ್ಲಿ, ಹೋಗೋದು 1310ರಲ್ಲಿ. ಕೇಬಲ್ ಟಿವಿಯನ್ನೂ ಅದೇ ಎಳೆಯಲ್ಲಿ ಕಳಿಸಿದರೆ ಅದಕ್ಕೆ 1550. ಒಂದನ್ನು ಬಿಟ್ಟು ಇನ್ನೊಂದನ್ನು ಕೊಡಲು ಯಾವ ಅಡ್ಡಿಯೂ ಇಲ್ಲ. ಲ್ಯಾಂಡ್‌ಲೈನ್ ಷರತ್ತು ತಂತಿಯದ್ದು, ಟಿವಿ ಷರತ್ತು ವ್ಯಾಪಾರದ್ದು.

ಇದನ್ನೇ ಅವನಿಗೆ ಹೇಳಿದೆ. ನಕ್ಕು, “ಆಯ್ತು ಬಿಡಿ ಸಾರ್, ಬರೀ ನೆಟ್ ಹಾಕ್ತೀನಿ” ಅಂದ. ನೀವೂ ಕೇಳಿ ನೋಡಿ. ಕೇಳದಿದ್ರೆ ಯಾರೂ ತಾವಾಗೇ ಹೇಳಲ್ಲ.

ಮೂರನೇ ವಾರ ತೆಂಗಿನ ಗರಿ ಬಿದ್ದು ಫೈಬರ್ ತುಂಡಾಯ್ತು. ಅರ್ಧ ಗಂಟೇಲಿ ಬೈಕಲ್ಲಿ ಬಂದು ಜೋಡಿಸಿಕೊಟ್ಟವನೂ ಅವನೇ.