ಇನ್ನೂರ ಎಂಬತ್ತು ದಿನಗಳ ಲೆಕ್ಕ

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ತಿಂಗಳಿಂದ ಯೋಚಿಸುತ್ತಾ ಇದ್ದೆ. ಮನೆಯ ವಿಷಯ. ಕೊನೆಗೆ ಯಾರ ಬಗ್ಗೆ ಬರೆಯುತ್ತಿದ್ದೇನೋ ಅವನನ್ನೇ ಕೇಳಿದೆ. "ಹೆಸರು ಹಾಕಬೇಡ, ಮಿಕ್ಕಿದ್ದು ಬರಿ" ಅಂದ. ಹಾಗಾಗಿ ಹೆಸರುಗಳಿಲ್ಲ, ಮಿಕ್ಕಿದ್ದೆಲ್ಲ ಇದೆ.

ನಮ್ಮ ತಾತ (ಅಮ್ಮನ ಅಪ್ಪ) ತುಮಕೂರಿನಲ್ಲಿ ಒಬ್ಬ ವಕೀಲರ ಹತ್ತಿರ ಗುಮಾಸ್ತರಾಗಿದ್ದರು. ಅವರ ಹಳೇ ಟ್ರಂಕನ್ನು ಖಾಲಿ ಮಾಡುವಾಗ ಸುರುಳಿ ಸುತ್ತಿಟ್ಟಿದ್ದ 1979ರ ಒಂದು ಗೋಡೆ ಕ್ಯಾಲೆಂಡರ್ ಸಿಕ್ಕಿತು. ಫೆಬ್ರವರಿ ನಡುವಿನಿಂದ ಶುರುವಾಗಿ ಪ್ರತಿ ತಾರೀಖಿನ ಕೆಳಗೂ ಪೆನ್ಸಿಲ್ಲಿನಲ್ಲಿ ಒಂದೊಂದು ಸಂಖ್ಯೆ. 1, 2, 3... ಅಕ್ಟೋಬರ್ 3ರ ಕೆಳಗೆ 231. ಅಲ್ಲಿಗೆ ನಿಂತಿದೆ. ಆದರೆ ಮುಂದೆ ನವೆಂಬರ್ 21ಕ್ಕೆ ಮೊದಲೇ ಕೆಂಪು ಶಾಯಿಯಲ್ಲಿ ಒಂದು ಸುತ್ತು ಹಾಕಿ 280 ಅಂತ ಬರೆದಿಟ್ಟಿದ್ದಾರೆ.

ಅಮ್ಮನಿಗೆ ತೋರಿಸಿದೆ. ನೋಡಿದ ಕೂಡಲೇ ಗೊತ್ತಾಯಿತು ಅವಳಿಗೆ. "ನಿನ್ನ ಚಿಕ್ಕಮ್ಮನ ಲೆಕ್ಕ ಕಣೋ ಅದು" ಅಂದಳು.

ಚಿಕ್ಕಮ್ಮನ ಡೈವೋರ್ಸ್ ಕೇಸು ನಡೆಯುತ್ತಿದ್ದಾಗ, ಆ ವರ್ಷದ ಸಂಕ್ರಾಂತಿ ಹೊತ್ತಿಗೆ ಎರಡೂ ಕಡೆಯ ಹಿರಿಯರು ಸೇರಿ ರಾಜಿ ಮಾಡಿಸಿ ಗಂಡನ ಮನೆಗೆ ಕಳಿಸಿದ್ದರು. ಹನ್ನೆರಡು ದಿನ ಇದ್ದು ವಾಪಸ್ ಬಂದಳು. ಫೆಬ್ರವರಿಯಲ್ಲಿ ಡಿಕ್ರಿ ಆಯಿತು. ಆಗ ಅವಳು ಬಸುರಿ ಅನ್ನೋದು ಅವಳಿಗೇ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಆ ಮನುಷ್ಯ "ನನ್ನದಲ್ಲ" ಅಂದುಬಿಟ್ಟ. ತಾತ ಜಗಳಕ್ಕೆ ಹೋಗಲಿಲ್ಲವಂತೆ. ಕ್ಯಾಲೆಂಡರ್ ತೆಗೆದುಕೊಂಡು ಡಿಕ್ರಿಯ ದಿನದಿಂದ ಎಣಿಸೋಕೆ ಕೂತರಂತೆ.

ಯಾಕೆ 280? ಅಲ್ಲಿಂದ ಶುರುವಾಯಿತು ನನ್ನ ಓದು. ನಾನು ವಕೀಲನಲ್ಲ, ಇದು ಕಾನೂನು ಸಲಹೆಯೂ ಅಲ್ಲ. ಇತಿಹಾಸದ ಹುಚ್ಚು, ಅಷ್ಟೇ.

ಗಂಡ ಹೆಂಡತಿ ಬೇರೆಯಾದಾಗ ಹೊಟ್ಟೆಯಲ್ಲಿರುವ ಮಗು ಯಾರದ್ದು ಅನ್ನೋ ಪ್ರಶ್ನೆ ಬಹಳ ಹಳೆಯದು. ರೋಮನ್ನರ ಕಾನೂನನ್ನೇ ನೋಡಿ. ಕ್ರಿ.ಶ. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಹೊರಡಿಸಿದ 'ಡೈಜೆಸ್ಟ್' ಎಂಬ ಸಂಗ್ರಹದಲ್ಲಿ ಇದಕ್ಕೇ ಪ್ರತ್ಯೇಕ ಭಾಗಗಳಿವೆ. ವಿಚ್ಛೇದನವಾದ ಹೆಂಗಸು ತಾನು ಬಸುರಿ ಎಂದು 30 ದಿನದೊಳಗೆ ಮಾಜಿ ಗಂಡನಿಗೋ ಅವನ ಅಪ್ಪನಿಗೋ ತಿಳಿಸಬೇಕು. ಆತ "ನನ್ನಿಂದ ಆದದ್ದಲ್ಲ" ಎಂದು ಹೇಳಬಹುದು, ಇಲ್ಲವೇ ಹೆರಿಗೆ ತನಕ ನೋಡಿಕೊಳ್ಳಲು ಕಾವಲಿನವರನ್ನು ಕಳಿಸಬಹುದು. ಎರಡೂ ಮಾಡದೆ ಸುಮ್ಮನಿದ್ದರೆ ಮಗುವನ್ನು ಒಪ್ಪಿಕೊಳ್ಳಲೇಬೇಕು.

ಇನ್ನೊಂದು ಪ್ರಸಂಗ ಇದಕ್ಕೆ ಪೂರ್ತಿ ಉಲ್ಟಾ. ಮಾರ್ಕಸ್ ಅರೇಲಿಯಸ್ ಮತ್ತು ಲೂಸಿಯಸ್ ವೇರಸ್ ಜೊತೆಯಾಗಿ ಆಳುತ್ತಿದ್ದ ಕಾಲದಲ್ಲಿ (161ರಿಂದ 169) ರುಟಿಲಿಯಸ್ ಸೆವೆರಸ್ ಎಂಬಾತ ಬಂದು "ನನ್ನನ್ನು ಬಿಟ್ಟುಹೋದ ಹೆಂಡತಿ ಬಸುರಿ, ಅವಳು ಇಲ್ಲ ಅಂತಾಳೆ" ಎಂದು ದೂರು ಕೊಟ್ಟ. ಚಕ್ರವರ್ತಿಗಳ ಅಪ್ಪಣೆ ಏನು ಗೊತ್ತೇ? ಒಬ್ಬ ಮರ್ಯಾದಸ್ಥ ಹೆಂಗಸಿನ ಮನೆಯಲ್ಲಿ ಮೂವರು ಸೂಲಗಿತ್ತಿಯರು ಪರೀಕ್ಷೆ ಮಾಡಬೇಕು, ಬಹುಮತ ಏನು ಹೇಳುತ್ತೋ ಅದೇ ತೀರ್ಮಾನ. ಅಪ್ಪನಿಗೆ ಮಗು ಬೇಕಿದ್ದರೆ ಸೂಲಗಿತ್ತಿ, ಬೇಡವಾಗಿದ್ದರೆ ಒಂದು ನಿರಾಕರಣೆಯ ಮಾತು. ಎರಡರಲ್ಲೂ ಹೊಟ್ಟೆ ಹೊತ್ತವಳ ಮಾತಿಗೆ ಬೆಲೆ ಕಮ್ಮಿ. ನೋಡಿ, ಹದಿನೆಂಟು ಶತಮಾನ ಆದರೂ ಎಷ್ಟು ಪರಿಚಿತ ಅನ್ನಿಸುತ್ತೆ!

ನಮ್ಮ ಕಡೆ? ಮನುಸ್ಮೃತಿಯ ಒಂಬತ್ತನೇ ಅಧ್ಯಾಯದಲ್ಲಿ ಹನ್ನೆರಡು ಬಗೆಯ ಮಕ್ಕಳ ಪಟ್ಟಿ ಇದೆ. ಅದರಲ್ಲೊಬ್ಬ 'ಸಹೋಢ'. ಅಂದರೆ ಮದುವೆಯ ಹೊತ್ತಿಗೇ ಬಸುರಿಯಾಗಿದ್ದವಳ ಮಗ. ಗೊತ್ತಿದ್ದು ಮದುವೆಯಾದರೂ ಸರಿ, ಗೊತ್ತಿಲ್ಲದೆ ಆದರೂ ಸರಿ, ಆ ಮಗು ಕೈಹಿಡಿದವನದ್ದೇ. ಇನ್ನು ಅರ್ಥಶಾಸ್ತ್ರ. ನಮ್ಮ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಓಲೆಗರಿಯಿಂದ ಓದಿ 1909ರಲ್ಲಿ ಅಚ್ಚು ಹಾಕಿಸಿದ್ದರಲ್ಲ, ಅದೇ. ಗಂಡ ಹೆಂಡತಿ ಇಬ್ಬರಿಗೂ ಪರಸ್ಪರ ದ್ವೇಷವಿದ್ದರೆ ಬಿಡುಗಡೆ ಉಂಟು, ಒಬ್ಬರಿಗೆ ಮಾತ್ರ ಇದ್ದರೆ ಇಲ್ಲ ಎಂದು ಅದರಲ್ಲಿದೆ. ಆದರೆ ಬ್ರಾಹ್ಮ ಮೊದಲಾದ ಧರ್ಮವಿವಾಹಗಳಿಗೆ ಬಿಡುಗಡೆಯೇ ಇಲ್ಲ.

ಈಗ 280ಕ್ಕೆ ಬರೋಣ. 1872ರ ಭಾರತೀಯ ಸಾಕ್ಷ್ಯ ಕಾಯ್ದೆಯನ್ನು ಬರೆದವರು ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್. (ಲೇಖಕಿ ವರ್ಜೀನಿಯಾ ವುಲ್ಫ್‌ಗೆ ಈತ ದೊಡ್ಡಪ್ಪ.) ಅದರ 112ನೇ ಸೆಕ್ಷನ್ ಹೇಳುವುದಿಷ್ಟು: ಊರ್ಜಿತವಾದ ಮದುವೆ ಇರುವಾಗ ಹುಟ್ಟಿದ ಮಗು, ಅಥವಾ ಮದುವೆ ಮುರಿದು 280 ದಿನದೊಳಗೆ, ತಾಯಿ ಮರುಮದುವೆ ಆಗದೆ ಇರುವಾಗ ಹುಟ್ಟಿದ ಮಗು, ಆ ಗಂಡನದ್ದೇ. ಇದು ಅಂತಿಮ ಪುರಾವೆ. ತಪ್ಪಿಸಿಕೊಳ್ಳಲು ಒಂದೇ ದಾರಿ. ಮಗು ಮೂಡಬಹುದಾಗಿದ್ದ ಕಾಲದಲ್ಲಿ ಇಬ್ಬರೂ ಸೇರುವ ಅವಕಾಶವೇ ಇರಲಿಲ್ಲ ಎಂದು ತೋರಿಸಬೇಕು. ಸೇರಿದ್ದರೋ ಇಲ್ಲವೋ ಎಂಬ ಪ್ರಶ್ನೆ ಅಲ್ಲ, ಅವಕಾಶ ಇತ್ತೋ ಇಲ್ಲವೋ ಅನ್ನೋದೇ ಪ್ರಶ್ನೆ.

ನಮ್ಮ ಹೆಂಗಸರು 'ಒಂಬತ್ತು ತಿಂಗಳು ಒಂಬತ್ತು ದಿನ' ಅಂತಾರಲ್ಲ, ತಿಂಗಳಿಗೆ ಮೂವತ್ತರಂತೆ ಲೆಕ್ಕ ಹಾಕಿ, 279 ಬರುತ್ತೆ! ಡಾಕ್ಟರುಗಳು ಕೊನೆಯ ಮುಟ್ಟಿನಿಂದ ಎಣಿಸುವುದೂ 280 ದಿನವೇ. ಗರ್ಭ ನಿಂತ ದಿನದಿಂದಾದರೆ ಸುಮಾರು 266. ಹಾಗಾಗಿ ಕಾನೂನಿನ ಲೆಕ್ಕದಲ್ಲಿ ಎರಡು ವಾರ ಮಗುವಿನ ಪರವಾಗಿಯೇ ಉಳಿಯುತ್ತೆ.

ತಮಾಷೆಯೆಂದರೆ ಈ ಸೆಕ್ಷನ್ ಬಂದಾಗ ಹಿಂದೂಗಳಿಗೆ ಡೈವೋರ್ಸ್ ಕಾನೂನೇ ಇರಲಿಲ್ಲ. ಅನೇಕ ಜಾತಿಗಳಲ್ಲಿ ಪಂಚಾಯ್ತಿ ಸೇರಿಸಿ ಬಿಡುಗಡೆ ಮಾಡುವುದು, ಆಮೇಲೆ ಕೂಡಿಕೆ ಆಗುವುದು ರೂಢಿಯಲ್ಲಿತ್ತು, ಅಷ್ಟೇ. ಬೊಂಬಾಯಿ ಪ್ರಾಂತ್ಯ 1947ರಲ್ಲಿ ಹಿಂದೂ ವಿಚ್ಛೇದನ ಕಾಯ್ದೆ ತಂದಾಗ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದ ಕಡೆಯವರಿಗೂ ಅದು ಸಿಕ್ಕಿತು. ನಮ್ಮ ತುಮಕೂರಿನವರು 1955ರ ಹಿಂದೂ ವಿವಾಹ ಕಾಯ್ದೆವರೆಗೆ ಕಾಯಬೇಕಾಯಿತು.

ಆ 1955ರ ಕಾಯ್ದೆ ಬಸಿರಿನ ವಿಷಯದಲ್ಲಿ ಮನುವನ್ನು ತಲೆಕೆಳಗು ಮಾಡಿತು. ಮದುವೆಯ ಹೊತ್ತಿಗೆ ಹೆಂಡತಿ ಬೇರೊಬ್ಬನಿಂದ ಬಸುರಿಯಾಗಿದ್ದರೆ ಮದುವೆಯನ್ನು ರದ್ದು ಮಾಡಿಸಬಹುದು (12ನೇ ಸೆಕ್ಷನ್). ಆದರೆ ಆಗ ಗಂಡನಿಗೆ ಅದು ಗೊತ್ತಿರಬಾರದು, ಒಂದು ವರ್ಷದೊಳಗೆ ಕೋರ್ಟಿಗೆ ಬರಬೇಕು, ಗೊತ್ತಾದ ಮೇಲೆ ಒಪ್ಪಿ ಕೂಡಿರಬಾರದು. ಮೊದಲು ಇನ್ನೊಂದು ನಿಯಮವೂ ಇತ್ತು. ಡಿಕ್ರಿಯಾಗಿ ಒಂದು ವರ್ಷದವರೆಗೆ ಮರುಮದುವೆ ಆಗುವಂತಿರಲಿಲ್ಲ. 1976ರ ತಿದ್ದುಪಡಿಯಲ್ಲಿ ಅದನ್ನು ಕಿತ್ತುಹಾಕಿದರು. ಅದೇ ತಿದ್ದುಪಡಿಯಲ್ಲೇ ಪರಸ್ಪರ ಒಪ್ಪಿಗೆಯ ವಿಚ್ಛೇದನ ಬಂತು. ಹೆಂಡತಿ ಬಸುರಿ ಎಂಬ ಕಾರಣಕ್ಕೆ ವಿಚ್ಛೇದನ ಕೊಡಬಾರದು ಅಂತ ಮಾತ್ರ ಈ ಕಾಯ್ದೆಯಲ್ಲಿ ಎಲ್ಲೂ ಇಲ್ಲ.

ಬೇರೆ ಕಡೆ ಇದೆ. ಚೀನಾದ 1950ರ ವಿವಾಹ ಕಾನೂನಿನಲ್ಲಿ ಹೆಂಡತಿ ಬಸುರಿಯಾಗಿದ್ದಾಗ, ಹೆತ್ತು ಒಂದು ವರ್ಷ ಆಗುವ ತನಕ ಗಂಡ ವಿಚ್ಛೇದನ ಕೇಳುವಂತಿಲ್ಲ, ಹೆಂಡತಿ ಕೇಳಬಹುದು. 2021ರಿಂದ ಜಾರಿಯಲ್ಲಿರುವ ಅವರ ಸಿವಿಲ್ ಸಂಹಿತೆಯಲ್ಲೂ ಅದು ಉಳಿದಿದೆ, ಕೋರ್ಟು ಅಗತ್ಯವೆಂದು ಕಂಡರೆ ವಿನಾಯಿತಿ ಉಂಟು. ರಷ್ಯಾದಲ್ಲೂ ಹೆಂಡತಿಯ ಒಪ್ಪಿಗೆ ಇಲ್ಲದೆ ಗಂಡ ಆ ಅವಧಿಯಲ್ಲಿ ಅರ್ಜಿ ಹಾಕುವಂತಿಲ್ಲ. ಮುಸ್ಲಿಂ ಕಾನೂನಿನಲ್ಲಿ ತಲಾಖ್ ಆದವಳು ಬಸುರಿಯಾಗಿದ್ದರೆ ಇದ್ದತ್ ಅವಧಿ ಹೆರಿಗೆ ತನಕ. ನಮ್ಮ 1986ರ ಕಾಯ್ದೆಯೂ ಅದನ್ನೇ ಹೇಳುತ್ತೆ. ಜೊತೆಗೆ ಮಗು ಹುಟ್ಟಿದ ದಿನದಿಂದ ಎರಡು ವರ್ಷ, ತಾಯಿಯೇ ಸಾಕುತ್ತಿದ್ದರೆ, ಮಾಜಿ ಗಂಡ ಖರ್ಚು ಕೊಡಬೇಕು.

ಹಾಗಂತ ದಿನಗಳ ಲೆಕ್ಕ ಯಾವಾಗಲೂ ಮಗುವಿಗೆ ಒಳ್ಳೆಯದನ್ನೇ ಮಾಡುತ್ತೆ ಅಂದುಕೊಳ್ಳಬೇಡಿ. ಜಪಾನಿನಲ್ಲಿ ವಿಚ್ಛೇದನವಾಗಿ 300 ದಿನದೊಳಗೆ ಹುಟ್ಟಿದ ಮಗು ಹಳೇ ಗಂಡನದ್ದೇ ಎಂಬ ನಿಯಮವಿತ್ತು. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬಂದ ಎಷ್ಟೋ ತಾಯಂದಿರು ಅವನ ಹೆಸರು ದಾಖಲಾಗುತ್ತೆ ಎಂಬ ಭಯಕ್ಕೆ ಮಗುವಿನ ಜನನವನ್ನೇ ನೋಂದಾಯಿಸುತ್ತಿರಲಿಲ್ಲ. ಕಾಗದದಲ್ಲಿ ಇಲ್ಲದ ಮಕ್ಕಳು! 2024ರ ಏಪ್ರಿಲ್‌ನಲ್ಲಿ ನಿಯಮ ಬದಲಾಯಿತು. ಹೆರಿಗೆಗೆ ಮುಂಚೆ ತಾಯಿ ಮರುಮದುವೆಯಾಗಿದ್ದರೆ ಮಗು ಈಗಿನ ಗಂಡನದ್ದು.

ಅಪ್ಪ ಯಾರೆಂದು ತೀರ್ಮಾನವಾದ ಮೇಲೆ ಹಕ್ಕು ಯಾರಿಗೆ? 1956ರ ಹಿಂದೂ ಪೋಷಕತ್ವ ಕಾಯ್ದೆ ಅಪ್ಪನನ್ನು ಮೊದಲ ಪೋಷಕ ಅಂದಿತು, ಅವನ 'ನಂತರ' ತಾಯಿ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಅಂತಲೂ ಅಂದಿತು. ಹೊತ್ತು ಹೆತ್ತು ಸಾಕುವವಳು ಅವಳು, ಸಹಿ ಹಾಕುವವನು ಅವನು! 1999ರಲ್ಲಿ ಲೇಖಕಿ ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 'ನಂತರ' ಅಂದರೆ ಸತ್ತ ನಂತರ ಅಂತಲೇ ಅಲ್ಲ, ಅಪ್ಪ ಜವಾಬ್ದಾರಿ ಹೊರದೆ ದೂರವಿದ್ದರೂ ತಾಯಿಯೇ ಪೋಷಕಿ ಎಂದು ಅರ್ಥ ಹೇಳಿತು.

ಬಸುರಿಯಾಗಿದ್ದಾಗಲೇ ಗಂಡ ಬಿಟ್ಟರೆ? 1971ರ ಗರ್ಭಪಾತ ಕಾಯ್ದೆಯಲ್ಲಿ ವಯಸ್ಕಳ ಒಪ್ಪಿಗೆ ಸಾಕು, ಗಂಡನ ಒಪ್ಪಿಗೆ ಬೇಕಿಲ್ಲ. 2021ರ ತಿದ್ದುಪಡಿಯ ನಿಯಮಗಳಲ್ಲಿ, 20ರಿಂದ 24 ವಾರದೊಳಗೆ ಗರ್ಭಪಾತಕ್ಕೆ ಅವಕಾಶವಿರುವವರ ಪಟ್ಟಿಯಲ್ಲಿ ಬಸಿರಿನ ನಡುವೆ ವಿಧವೆಯಾದವರು, ವಿಚ್ಛೇದನವಾದವರೂ ಇದ್ದಾರೆ. ಚಿಕ್ಕಮ್ಮನಿಗೆ ಇಂಥ ಆಯ್ಕೆ ಇದ್ದಿದ್ದರೆ ಏನು ಮಾಡುತ್ತಿದ್ದಳೋ, ನಾನು ಕೇಳಿಲ್ಲ. ಕೇಳುವ ಹಕ್ಕೂ ನನಗಿಲ್ಲ.

ಆಮೇಲೆ ಬಂತು ಡಿಎನ್ಎ. 1872ರಲ್ಲಿ ಅಪ್ಪ ಯಾರೆಂದು ಖಚಿತವಾಗಿ ಹೇಳುವ ವಿಜ್ಞಾನವೇ ಇರಲಿಲ್ಲ, ಹಾಗಾಗಿ ದಿನ ಎಣಿಸಿದರು. ಈಗ ಪರೀಕ್ಷೆ ಇದೆಯಲ್ಲ, ಎಣಿಕೆ ಯಾಕೆ? 1993ರ ಗೌತಮ್ ಕುಂಡು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕೇಳಿದವರಿಗೆಲ್ಲ ರಕ್ತಪರೀಕ್ಷೆ ಮಾಡಿಸಲಾಗದು ಅಂದಿತು. 2014ರಲ್ಲಿ ನಂದಲಾಲ್ ಬಡ್ವಾಯಿಕ್ ಪ್ರಕರಣದಲ್ಲಿ ಡಿಎನ್ಎ ವರದಿ ಎದುರಿಗೇ ಇದ್ದಾಗ, ಊಹೆಗಿಂತ ವಿಜ್ಞಾನವೇ ಮೇಲು ಎಂದಿತು. 2023ರಲ್ಲಿ ಮತ್ತೆ ಅಪರ್ಣಾ ಫಿರೋದಿಯಾ ಪ್ರಕರಣದಲ್ಲಿ, ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದ ಪೀಠ, ಹೆಂಡತಿಯ ವ್ಯಭಿಚಾರ ಸಾಬೀತು ಮಾಡಲು ಮಗುವಿನ ಡಿಎನ್ಎಯನ್ನು ಅಡ್ಡದಾರಿಯಾಗಿ ಬಳಸಬಾರದು ಅಂದಿತು. ಅಪ್ಪ ಅಮ್ಮನ ಜಗಳದಲ್ಲಿ ಮಗು ಪುರಾವೆಯ ವಸ್ತುವಲ್ಲ ಎಂಬುದು ಅದರ ಸಾರ. 2024ರ ಜುಲೈ 1ರಂದು ಹಳೇ ಸಾಕ್ಷ್ಯ ಕಾಯ್ದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತು. ಸೆಕ್ಷನ್ ನಂಬರು 116 ಆಯಿತು. 280 ಮಾತ್ರ ಹಾಗೇ ಇದೆ.

ಇದರಲ್ಲಿ ಅನ್ಯಾಯವೇ ಇಲ್ಲವೇ ಅಂದರೆ, ಇದೆ. ನಿಜವಾಗಿಯೂ ತನ್ನದಲ್ಲದ ಮಗುವಿಗೆ ಅಪ್ಪ ಅನ್ನಿಸಿಕೊಂಡು ದುಡ್ಡು ಕಟ್ಟುವ ಗಂಡಸೂ ಇರುತ್ತಾನೆ. ಅವನ ಸಂಕಟ ಸುಳ್ಳಲ್ಲ. ಆದರೆ ಇಬ್ಬರು ದೊಡ್ಡವರ ನಡುವೆ ಯಾರಿಗಾದರೂ ಒಬ್ಬರಿಗೆ ಅನ್ಯಾಯ ಆಗಲೇಬೇಕಾದರೆ, ಏನೂ ತಪ್ಪು ಮಾಡದ ಮೂರನೆಯವರಿಗೆ ಆಗದಿರಲಿ ಅನ್ನೋದು ಈ ಕಾನೂನಿನ ನಿಲುವು. ನನಗೂ ಅದೇ ಸರಿ ಅನ್ನಿಸುತ್ತೆ. ನಿಮಗೆ ಬೇರೆ ಅನ್ನಿಸಿದರೆ ಖಂಡಿತ ಬರೆಯಿರಿ.

ನಮ್ಮ ಮನೆಯ ಕಥೆ ಮುಗಿಸಿಬಿಡುತ್ತೇನೆ. ಮಗು ಹುಟ್ಟಿದ ಮೇಲೆ ಜೀವನಾಂಶದ ಅರ್ಜಿ ಹಾಕಿದರು. ಆಗ 125ನೇ ಸೆಕ್ಷನ್‌ನಲ್ಲಿ ತಿಂಗಳಿಗೆ 500 ರೂಪಾಯಿಗಿಂತ ಜಾಸ್ತಿ ಕೊಡಿಸುವಂತೆಯೇ ಇರಲಿಲ್ಲ (ಆ ಮಿತಿ ಹೋಗಿದ್ದು 2001ರಲ್ಲಿ). ಇವನಿಗೆ ಆದದ್ದು 75 ರೂಪಾಯಿ. ಸಂಕ್ರಾಂತಿಯ ಹನ್ನೆರಡು ದಿನವನ್ನು ಆ ಮನುಷ್ಯನ ಕಡೆಯ ಹಿರಿಯರೇ ಕೋರ್ಟಿನಲ್ಲಿ ಒಪ್ಪಿಕೊಂಡರಂತೆ. ದುಡ್ಡು ಎರಡು ವರ್ಷ ಬಂತು, ನಿಂತಿತು. ಮತ್ತೆ ಕೋರ್ಟಿಗೆ ಹೋಗಲು ಚಿಕ್ಕಮ್ಮ ಒಪ್ಪಲಿಲ್ಲ. ಆದರೆ ಶಾಲೆಗೆ ಸೇರಿಸುವಾಗ ಅಪ್ಪನ ಹೆಸರಿನ ಜಾಗ ಖಾಲಿ ಇರಲಿಲ್ಲ. ಆ ಕಾಲದ ನಮ್ಮೂರಿನಲ್ಲಿ ಅದು ಎಷ್ಟು ದೊಡ್ಡ ಮಾತು ಅಂತ ನಿಮಗೆ ಗೊತ್ತು.

ಕ್ಯಾಲೆಂಡರನ್ನು ಅವನಿಗೇ ಕೊಟ್ಟೆ. ಈಗ ಅವನ ಮಗಳೇ ಕಾಲೇಜಿಗೆ ಹೋಗುತ್ತಿದ್ದಾಳೆ. ಬೆರಳಿಟ್ಟು ಫೆಬ್ರವರಿಯಿಂದ ಒಂದೊಂದೇ ಹಾಳೆ ತಿರುವಿ ನೋಡಿದ. ಅಕ್ಟೋಬರ್ 3ಕ್ಕೆ ಬಂದು ನಿಂತ. ಆಮೇಲೆ ಕೆಂಪು ಸುತ್ತನ್ನೂ ನೋಡಿ, "ಇನ್ನೂ 49 ದಿನ ಬಾಕಿ ಇತ್ತಲ್ಲೋ, ತಾತ ಸುಮ್ಮನೆ ಹೆದರಿಕೊಂಡಿದ್ದಾರೆ" ಅಂದ.

ಹಾಗಂದು ಸುರುಳಿ ಸುತ್ತಿ, ಚೀಲಕ್ಕೆ ಹಾಕಿಕೊಂಡು ಹೋದ.