ಎದೆನೋವಿನ ಮೊದಲ ಗಂಟೆಗಳು

ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗಿ ಗಂಗಾವತಿಯ ದಾರಿ ಬಂದ್ ಆಗುತ್ತದೆ. ಅಂಥ ರಾತ್ರಿ ಭತ್ತದ ಗದ್ದೆಯಿಂದ ಮನೆಗೆ ಬಂದವನಿಗೆ ಎದೆ ಹಿಂಡಿದಂತಾದರೆ ಮನೆಯವರ ಬಾಯಲ್ಲಿ ಮೊದಲು ಬರುವ ಮಾತು, ‘ಗ್ಯಾಸ್ ಆಗಿರಬೇಕು’. ಸೋಡಾ ಕುಡಿಸುತ್ತಾರೆ, ಬೆನ್ನು ನೀವುತ್ತಾರೆ, ಬೆಳಗಾಗಲಿ ನೋಡೋಣ ಎನ್ನುತ್ತಾರೆ. ಹೊಸಪೇಟೆಗೋ ಬಳ್ಳಾರಿಯ ದೊಡ್ಡ ಆಸ್ಪತ್ರೆಗೋ ಗಾಡಿ ಹೊರಡುವಷ್ಟರಲ್ಲಿ ಹೃದಯದ ಸ್ನಾಯು ಸಾಯತೊಡಗಿರುತ್ತದೆ.

ನಮ್ಮ ದೇಶದ ಹೃದ್ರೋಗ ಅಧ್ಯಯನ ಎದೆನೋವಿನ ಈ ಮೊದಲ ಗಂಟೆಗಳತ್ತ ತಿರುಗಿದ್ದು ತಡವಾಗಿ. ಮೊದಲು ಆಸ್ಪತ್ರೆಯ ಹಾಸಿಗೆಗಳಲ್ಲಿ ಕಾಣುತ್ತಿದ್ದುದು ಹರೆಯದವರ ಕಾಯಿಲೆ. ಗಂಟಲು ನೋವಿನಿಂದ ಶುರುವಾಗಿ, ಕೀಲುಗಳನ್ನು ಬಾಧಿಸಿ, ಕವಾಟವನ್ನು ಕೆಡಿಸಿಬಿಡುವ ರುಮ್ಯಾಟಿಕ್ ಜ್ವರ ಅದು. ದಿಲ್ಲಿಯ ಏಮ್ಸ್‌ನ ಸುಜಯ್ ರಾಯ್, ವಿ. ರಾಮಲಿಂಗಸ್ವಾಮಿ ಮತ್ತಿತರರು 1963ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ಇಲ್ಲಿ ಇಪ್ಪತ್ತು ತುಂಬದವರಲ್ಲೇ ಮೈಟ್ರಲ್ ಕವಾಟ ತೀವ್ರವಾಗಿ ಕಿರಿದಾಗುತ್ತಿರುವುದನ್ನು ವಿವರಿಸಿದರು. ಮೂರು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದು ಜ್ವರ ಮರುಕಳಿಸದಂತೆ ತಡೆಯುತ್ತದೆ. ಮದ್ದು ಅಗ್ಗ, ಆದರೆ ವರ್ಷಗಟ್ಟಲೆ ತಪ್ಪದೆ ಹಾಕಿಸಿಕೊಳ್ಳುವುದು ಬಡ ಮನೆಗಳಿಗೆ ಸುಲಭವಲ್ಲ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಎಂ.ಎಸ್. ವಲಿಯತ್ತಾನ್ ತಂಡ ರೂಪಿಸಿದ ದೇಶೀ ಕವಾಟವನ್ನು 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಗೆ ಜೋಡಿಸಲಾಯಿತು. ಎದೆ ಕೊಯ್ಯದೆ ಬಲೂನಿನಿಂದ ಕವಾಟ ಹಿಗ್ಗಿಸುವ ಚಿಕಿತ್ಸೆಗೆ ಬೆಂಗಳೂರಿನ ಜಯದೇವ ಸಂಸ್ಥೆ ಹೆಸರಾಯಿತು.

ಅಷ್ಟರಲ್ಲಿ ರಕ್ತನಾಳ ಕಟ್ಟಿ ಬರುವ ಹೃದಯಾಘಾತ ಮುಂದೆ ಬಂದಿತ್ತು. 2004ರಲ್ಲಿ 52 ದೇಶಗಳ ‘ಇಂಟರ್‌ಹಾರ್ಟ್’ ಅಧ್ಯಯನ ತಂಬಾಕು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಬ್ಬು, ಹೊಟ್ಟೆಯ ಬೊಜ್ಜು ಮುಂತಾದ ಒಂಬತ್ತು ಕಾರಣಗಳನ್ನು ಗುರುತಿಸಿತು. ದಕ್ಷಿಣ ಏಷ್ಯಾದವರಿಗೆ ಮೊದಲ ಆಘಾತ ಬೇರೆಯವರಿಗಿಂತ ಬೇಗ ಬರುತ್ತದೆಂಬುದೂ ಅದರಿಂದ ಗೊತ್ತಾಯಿತು.

ಆದರೆ ಬಡವನ ಪಾಡನ್ನು ನೇರವಾಗಿ ಕಾಣಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್‌ನ ಡೆನಿಸ್ ಝೇವಿಯರ್, ಪ್ರೇಮ್ ಪೈಸ್ ಮತ್ತು ಸಂಗಡಿಗರ ‘ಕ್ರಿಯೇಟ್’ ಅಧ್ಯಯನ. ದೇಶದ 89 ಆಸ್ಪತ್ರೆಗಳ 20,468 ರೋಗಿಗಳ ವಿವರ ಕಲೆಹಾಕಿ 2008ರಲ್ಲಿ ಪ್ರಕಟವಾದ ಈ ವರದಿಯ ಪ್ರಕಾರ ರೋಗಿಗಳ ಸರಾಸರಿ ವಯಸ್ಸು 57.5. ನಾಳ ಪೂರ್ತಿ ಕಟ್ಟಿದಂಥ ತೀವ್ರ ಆಘಾತದ ರೋಗಿಗಳು ಆಸ್ಪತ್ರೆ ಮುಟ್ಟಲು ತೆಗೆದುಕೊಂಡ ಮಧ್ಯಮ ಅವಧಿ ಐದು ಗಂಟೆ. ಮೂವತ್ತು ದಿನಗಳೊಳಗೆ ಬಡವರಲ್ಲಿ ಶೇ 8.2ರಷ್ಟು, ಸಿರಿವಂತರಲ್ಲಿ ಶೇ 5.5ರಷ್ಟು ರೋಗಿಗಳು ತೀರಿಕೊಂಡಿದ್ದರು. ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದಾಗ ಈ ಅಂತರವೇ ಇಲ್ಲವಾಯಿತು! ಬಡವರು ಹೆಚ್ಚು ಸತ್ತದ್ದು ಅವರ ಹೃದಯ ಬೇರೆ ಬಗೆಯದೆಂದಲ್ಲ, ಸರಿಯಾದ ಚಿಕಿತ್ಸೆ ಸಿಗಲಿಲ್ಲವೆಂದು. 2014ರ ‘ಪ್ಯೂರ್’ ಅಧ್ಯಯನವೂ ಇದನ್ನೇ ಜಗತ್ತಿನ ಮಟ್ಟದಲ್ಲಿ ಕಂಡಿತು: ಬಡ ದೇಶಗಳಲ್ಲಿ ಅಪಾಯಕಾರಿ ಅಂಶಗಳು ಕಡಿಮೆ, ಸಾವು ಮಾತ್ರ ಹೆಚ್ಚು.

ಬಳ್ಳಾರಿ ಸೀಮೆಗೆ ಸಂಬಂಧಿಸಿದ ಸಾಕ್ಷ್ಯವೂ ಇದೆ. 2010ರಲ್ಲಿ ಮೊದಲು ಉತ್ತರ ಕರ್ನಾಟಕಕ್ಕೆ ಬಂದ ವಾಜಪೇಯಿ ಆರೋಗ್ಯಶ್ರೀ ಯೋಜನೆ, ಹೃದಯದ ಶಸ್ತ್ರಚಿಕಿತ್ಸೆಯಂಥ ದುಬಾರಿ ಚಿಕಿತ್ಸೆಯನ್ನು ಬಿಪಿಎಲ್ ಕುಟುಂಬಗಳಿಗೆ ಉಚಿತವಾಗಿ ಕೊಟ್ಟಿತು. ಯೋಜನೆಯ ಗಡಿಯ ಆಚೀಚಿನ ಹಳ್ಳಿಗಳನ್ನು ಹೋಲಿಸಿದ ಸಂಶೋಧಕರು, ಯೋಜನೆ ವ್ಯಾಪ್ತಿಯ ಕಾಯಿಲೆಗಳಿಂದಾದ ಸಾವು ಬಿಪಿಎಲ್ ಮನೆಗಳಲ್ಲಿ ಶೇ 64ರಷ್ಟು ಕಡಿಮೆ ಇತ್ತೆಂದು 2014ರಲ್ಲಿ ವರದಿ ಮಾಡಿದರು. 2017ರ ಫೆಬ್ರವರಿಯಲ್ಲಿ ಕೇಂದ್ರವು, ಕಟ್ಟಿದ ನಾಳವನ್ನು ತೆರೆದಿಡುವ ಔಷಧ ಲೇಪಿತ ಸ್ಟೆಂಟ್‌ನ ಬೆಲೆಯನ್ನು 29,600 ರೂಪಾಯಿಗೆ ಮಿತಿಗೊಳಿಸಿತು.

ಹಣದ ತಡೆ ತಗ್ಗಿದರೂ ದೂರ ತಗ್ಗಿರಲಿಲ್ಲ. ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ತಂದ ‘ಹೃದಯ ಜ್ಯೋತಿ’ ಯೋಜನೆ ಈ ದೂರವನ್ನೇ ಗುರಿಯಾಗಿಸಿಕೊಂಡಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಅವರು ಹೌದೆಂದರೆ ಹೆಪ್ಪು ಕರಗಿಸುವ ಟೆನೆಕ್ಟಪ್ಲೇಸ್ ಚುಚ್ಚುಮದ್ದನ್ನು, ರೋಗಿಯ ತೂಕ ನೋಡಿ, ಒಂದೇ ಸಲಕ್ಕೆ ಉಚಿತವಾಗಿ ಕೊಡುತ್ತಾರೆ. ಆಮೇಲೆ ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಾರೆ. ಅರವತ್ತು ವರ್ಷಗಳ ಅಧ್ಯಯನದಿಂದ ನಮ್ಮ ಊರುಗಳಿಗೆ ದಕ್ಕಿದ ಅತ್ಯಂತ ಉಪಯುಕ್ತ ವ್ಯವಸ್ಥೆ ಇದು ಎನ್ನಲು ಅಡ್ಡಿಯಿಲ್ಲ.

ರೋಗಿ ಬಂದರೆ ಮಾತ್ರ ಅದು ಕೆಲಸ ಮಾಡುತ್ತದೆ. ಎದೆನೋವು ತೋಳಿಗೋ ದವಡೆಗೋ ಹರಿದರೆ, ಜೊತೆಗೆ ಬೆವರು, ಉಸಿರುಗಟ್ಟುವಿಕೆ ಇದ್ದರೆ ಸೋಡಾ ಹುಡುಕಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಕೂಡಲೇ ಇಸಿಜಿ ಮಾಡಿಸಿ.